ಎರಡು ಪ್ರೊಸೆಸರ್ ನಡುವೆ ಒಂದು ಸಂಪ್ ಕಟ್ಟೋದು ಹೇಗೆ

ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಏರ್ ಕಂಪ್ರೆಸರ್ ಪಕ್ಕ ನಾನು ಮಾಡಿದ ಬೋರ್ಡ್ ಒಂದು ಕೂತಿದೆ. ಅಂಗೈ ಅಗಲ. ಅದರ ಒಂದು ಕಡೆ ಎಸ್‌ಟಿಎಂ32ಎಫ್103 ಅನ್ನೋ ಪ್ರೊಸೆಸರ್ ಇದೆ, ಕಂಪ್ರೆಸರ್ ನಡುಗುವುದನ್ನು ಸೆಕೆಂಡಿಗೆ 500 ಸಲ ಅಳೆಯುತ್ತದೆ. ಇನ್ನೊಂದು ಕಡೆ ವೈಫೈ ಇರುವ ಪ್ರೊಸೆಸರ್ ಇಎಸ್‌ಪಿ32, ಅಳೆದದ್ದನ್ನು ವೈಫೈ ಮೇಲೆ ಸರ್ವರ್‌ಗೆ ಕಳಿಸುತ್ತದೆ. ಮೊದಲ ವಾರ ಎಲ್ಲ ಚೆನ್ನಾಗಿತ್ತು. ಎರಡನೇ ವಾರ ನೋಡಿದರೆ ಗ್ರಾಫ್‌ನಲ್ಲಿ ಅಲ್ಲಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ ಜಾಗ.

ಕಾರಣ ಹುಡುಕೋದಕ್ಕೆ ಕಷ್ಟಪಡಲಿಲ್ಲ. ಕರೆಂಟ್ ಹೋದಾಗ ನನ್ನ ಬೋರ್ಡ್‌ಗೆ ಬ್ಯಾಟರಿ ಇದೆ, ಅವರ ರೂಟರ್‌ಗೆ ಇಲ್ಲ. ಜನರೇಟರ್ ಶುರುವಾಗಿ, ರೂಟರ್ ಎದ್ದು, ವೈಫೈ ಮತ್ತೆ ಸಿಗೋಕೆ 70 ಸೆಕೆಂಡ್ ಹತ್ತಿರ ಬೇಕು. ತಮಾಷೆ ಅಂದರೆ ಕಂಪ್ರೆಸರ್ ಮತ್ತೆ ಶುರುವಾಗುವುದೂ ಅದೇ 70 ಸೆಕೆಂಡಿನಲ್ಲಿ. ಬೇರಿಂಗ್ ಹೇಗಿದೆ ಅಂತ ಗೊತ್ತಾಗೋದೇ ಆ ಶುರುವಿನ ನಡುಕದಲ್ಲಿ. ನಮಗೆ ಬೇಕಾದ ಡೇಟಾ ಮಾತ್ರ ಆರಿಸಿ ಆರಿಸಿ ಕಳೆದುಹೋಗುತ್ತಿತ್ತು.

ನಡುವೆ ಒಂದು ಬಫರ್ ಚಿಪ್ (ಡೇಟಾ ಸ್ವಲ್ಪ ಹೊತ್ತು ಕೂಡಿಡುವ ಚಿಪ್) ಹಾಕಿದರಾಯಿತು ಅಂತ ಯಾರಿಗಾದರೂ ಹೊಳೆಯುತ್ತೆ. ಹಾಕಬೇಕು, ಸರಿಯೇ. ಆದರೆ ಬೆಂಗಳೂರಲ್ಲಿ ಮನೆ ಕಟ್ಟಿದವರು ಒಂದು ವಿಷಯ ಬಲ್ಲರು. ಕಾವೇರಿ ನೀರು ದಿನಾ ಬರಲ್ಲ ಅಂತ ಸಂಪ್ ತೋಡಿಸುತ್ತೇವೆ. ಸಂಪ್ ಎಷ್ಟು ಲೀಟರ್ ಅನ್ನೋದು ಒಂದು ಲೆಕ್ಕ. ತುಂಬಿದಾಗ ನೀರು ನಿಲ್ಲಿಸೋದು ಯಾರು, ತಳ ಕಂಡಾಗ ಮೋಟರ್ ಆಫ್ ಮಾಡೋದು ಯಾರು, ಇದು ಬೇರೆ ಲೆಕ್ಕ. ಬಾಲ್‌ಕಾಕ್ ಇಲ್ಲದೆ ಹತ್ತು ಸಾವಿರ ಲೀಟರ್ ಸಂಪ್ ಕಟ್ಟಿಸಿದರೂ ನೀರು ರಸ್ತೆಗೇ. ಹಾಗಾಗಿ ಇಲ್ಲಿ ಚಿಪ್ ಬಗ್ಗೆ ಸ್ವಲ್ಪ, ಬಾಲ್‌ಕಾಕ್ ಬಗ್ಗೆ ಜಾಸ್ತಿ ಹೇಳುತ್ತೇನೆ.

ಚಿಪ್ ಯಾವುದು, ಎಷ್ಟು ಹಿಡಿಯುತ್ತೆ

ನಾನು ಬಳಸಿದ್ದು ಮೈಕ್ರೋಚಿಪ್‌ನವರ 23ಎಲ್‌ಸಿ1024. ಎಂಟು ಕಾಲಿನ ಎಸ್‌ಪಿಐ (ನಾಲ್ಕು ತಂತಿಯಲ್ಲಿ ಒಂದೊಂದೇ ಬಿಟ್ ಆಗಿ ಡೇಟಾ ಸಾಗಿಸುವ ರೀತಿ) ರ‍್ಯಾಮ್. ಒಳಗೆ 1 ಮೆಗಾಬಿಟ್, ಅಂದರೆ 1,31,072 ಬೈಟ್. ಕ್ಲಾಕ್ 20 ಮೆಗಾಹರ್ಟ್ಸ್ ತನಕ. ಎಸ್‌ಟಿಎಂ32ಎಫ್103ಸಿ8 ಒಳಗೆ ಇರುವ ರ‍್ಯಾಮ್ ಬರೀ 20 ಕಿಲೋಬೈಟ್, ಅದರಲ್ಲಿ ಎಷ್ಟು ಅಂತ ಕೂಡಿಡೋದು?

ಫ್ಲ್ಯಾಶ್ ಚಿಪ್ ಅಗ್ಗ ಅಲ್ವಾ, ಅದನ್ನೇ ಹಾಕಬಹುದಲ್ಲ ಅಂತ ನನ್ನ ಜೊತೆ ಕೆಲಸ ಮಾಡೋ ಹುಡುಗ ಕೇಳಿದ. ಲೆಕ್ಕ ಹಾಕಿ ತೋರಿಸಿದೆ. ನಮ್ಮ ಪ್ಯಾಕೆಟ್ 64 ಬೈಟ್, ಸೆಕೆಂಡಿಗೆ 20 ಪ್ಯಾಕೆಟ್. 128 ಕಿಲೋಬೈಟ್ ಒಂದು ಸುತ್ತು ತುಂಬೋಕೆ 102.4 ಸೆಕೆಂಡ್. ದಿನಕ್ಕೆ 843 ಸುತ್ತು. ಫ್ಲ್ಯಾಶ್‌ನ ಒಂದು ಸೆಕ್ಟರ್ ಒಂದು ಲಕ್ಷ ಸಲ ಅಳಿಸಿ ಬರೆಯಬಹುದು ಅಂದುಕೊಂಡರೂ ನಾಲ್ಕೇ ತಿಂಗಳಿಗೆ ಮುಗೀತು. ದೊಡ್ಡ ಫ್ಲ್ಯಾಶ್ ಹಾಕಿ ಸವೆತ ಹಂಚಬಹುದು, ನಿಜ. ಆದರೆ ಅಳಿಸುವಾಗ ಹತ್ತಾರು ಮಿಲಿಸೆಕೆಂಡ್ ಸುಮ್ನೆ ಕಾಯಬೇಕು. ರ‍್ಯಾಮ್‌ಗೆ ಸವೆತವೂ ಇಲ್ಲ, ಕಾಯೋದೂ ಇಲ್ಲ.

ಪ್ಯಾಕೆಟ್ 64 ಬೈಟ್ ಅಂತ ನಾನು ಇಟ್ಟಿದ್ದಕ್ಕೂ ಕಾರಣ ಇದೆ. 1,31,072 ಅನ್ನು 64ರಿಂದ ಭಾಗಿಸಿದರೆ ಸರಿಯಾಗಿ 2048 ಮನೆಗಳು. ಒಂದು ಮನೆಗೆ ಒಂದು ಪ್ಯಾಕೆಟ್. ಶುರುವಿನ ಗುರುತಿಗೆ 1 ಬೈಟ್, ಬಗೆ 1, ಉದ್ದ 1, ಕ್ರಮಸಂಖ್ಯೆ 2, ಸಮಯ 4. ಆಮೇಲೆ 25 ಅಳತೆಗಳಿಗೆ 50 ಬೈಟ್. ಕೈಬಿಟ್ಟ ಪ್ಯಾಕೆಟ್‌ಗಳ ಎಣಿಕೆಗೆ 2, ಬ್ಯಾಟರಿ ಸ್ಥಿತಿಗೆ 1. ಕೊನೆಗೆ ಸಿಆರ್‌ಸಿ, ಅಂದರೆ ಡೇಟಾ ಕೆಟ್ಟಿದೆಯಾ ಅಂತ ನೋಡುವ ಲೆಕ್ಕ, 2. ಒಟ್ಟು 64. ಉದ್ದ ಬೇರೆ ಬೇರೆ ಇರುವ ಪ್ಯಾಕೆಟ್‌ಗಳನ್ನು ತುರುಕಿದರೆ ಜಾಗ ಉಳಿಯುತ್ತೆ, ತಲೆ ಹಾಳಾಗುತ್ತೆ. ಒಂದು ಉದ್ದ ತಪ್ಪಿದರೆ ಅದರ ಹಿಂದಿನದೆಲ್ಲ ಕಸ. ಒಂದೇ ಅಳತೆಯ ಮನೆಗಳಾದರೆ ಹಾಳಾಗೋದು ಒಂದೇ ಪ್ಯಾಕೆಟ್.

ಅಂಗಡಿಯವನು ಕೊಟ್ಟ ಬೇರೆ ಚಿಪ್

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡ್‌ಗೆ ಹೋಗಿ ಕೇಳಿದೆ. ಅಂಗಡಿಯವರು ಡಬ್ಬದಿಂದ ಒಂದು ತೆಗೆದು ಕೊಟ್ಟರು. "ಒಂದೇ ಫ್ಯಾಮಿಲಿ ಮೇಡಂ, ಪಿನ್ ಎಲ್ಲ ಅದೇ" ಅಂದರು. ಪಿನ್ ಎಲ್ಲ ಅದೇ, ಸುಳ್ಳಲ್ಲ. ಅದು 23ಕೆ256. ಅದರೊಳಗೆ 32 ಕಿಲೋಬೈಟ್. ಅದಕ್ಕಿಂತ ಮುಖ್ಯವಾಗಿ ಅದರ ವಿಳಾಸ ಎರಡು ಬೈಟ್, ನನ್ನ ಪ್ರೋಗ್ರಾಂ ಕಳಿಸುತ್ತಿದ್ದದ್ದು ಮೂರು. ಮೇಲಿನ ಅಕ್ಷರ ಅಷ್ಟು ಸಣ್ಣದು, ನಾನು ಓದಲೇ ಇಲ್ಲ.

ಮಜಾ ಏನು ಅಂದರೆ ನನ್ನ ಟೆಸ್ಟ್ ಪಾಸಾಯಿತು. ಒಂದು ಪ್ಯಾಕೆಟ್ ಬರೆದೆ, ಅದನ್ನೇ ಓದಿದೆ, ಒಂದಕ್ಷರ ತಪ್ಪಿಲ್ಲ. ಯಾಕೆ ಗೊತ್ತಾ? ಬರೆಯುವಾಗ ಮೂರನೇ ವಿಳಾಸ ಬೈಟನ್ನು ಚಿಪ್ ಡೇಟಾ ಅಂದುಕೊಂಡು ಒಳಗೆ ಹಾಕಿಕೊಂಡಿತು. ಓದುವಾಗ ನಾನು ಮೂರನೇ ವಿಳಾಸ ಬೈಟ್ ಕಳಿಸುವ ಹೊತ್ತಿಗೆ ಅದನ್ನೇ ವಾಪಸ್ ಕೊಟ್ಟಿತು, ನಾನು ಆ ಬೈಟನ್ನು ನೋಡೋದೇ ಇಲ್ಲ. ತಪ್ಪಿಗೆ ತಪ್ಪು ಸೇರಿ ಸರಿಯಾಯಿತು. ಆದರೆ ವಿಳಾಸದ ಕೆಳಗಿನ ಬೈಟ್ ಲೆಕ್ಕಕ್ಕೇ ಇಲ್ಲವಾದ್ದರಿಂದ 0, 64, 128, 192 ನಾಲ್ಕೂ ವಿಳಾಸದ ಪ್ಯಾಕೆಟ್‌ಗಳು ಒಂದೇ ಜಾಗದಲ್ಲಿ ಬಂದು ಕೂರುತ್ತಿದ್ದವು. ಮುಂದಿನ ನಾಲ್ಕು ಅದರಿಂದ ಒಂದೇ ಒಂದು ಬೈಟ್ ಆಚೆಗೆ. ವೈಫೈ ಇದ್ದಾಗ ಬರೆದ ತಕ್ಷಣ ಓದುತ್ತಿದ್ದರಿಂದ ಏನೂ ಗೊತ್ತಾಗಲಿಲ್ಲ. ರೂಟರ್ ಆಫ್ ಮಾಡಿ ಒಂದು ನಿಮಿಷ ಬಿಟ್ಟು ನೋಡಿದರೆ ಪೂರ್ತಿ ಚಿತ್ರಾನ್ನ.

ಆದ್ದರಿಂದ ಮೊದಲ ಟೆಸ್ಟ್ ಹೀಗೆ ಮಾಡಿ. 2048 ಮನೆಗೂ ಬೇರೆ ಬೇರೆ ಡೇಟಾ ಬರೆಯಿರಿ. ಎಲ್ಲ ಬರೆದು ಮುಗಿಸಿದ ಮೇಲೆ, ಆಮೇಲೆ ಮಾತ್ರ, ಮೊದಲಿನಿಂದ ಓದಿ.

ತಂತಿ ಜೋಡಿಸುವಾಗ

ಎಸ್‌ಟಿಎಂ32ನ ಎಸ್‌ಪಿಐ1 ಬಳಸಿ. ಪಿಎ5 ಕ್ಲಾಕ್, ಪಿಎ6 ಒಳಗೆ ಬರೋದು, ಪಿಎ7 ಹೊರಗೆ ಹೋಗೋದು, ಪಿಎ4 ಚಿಪ್ ಸೆಲೆಕ್ಟ್ (ಕೆಳಗಿದ್ದಾಗ ಮಾತ್ರ ಚಿಪ್ ಕೇಳಿಸಿಕೊಳ್ಳುತ್ತೆ). 72 ಮೆಗಾಹರ್ಟ್ಸ್ ಅನ್ನು 4ರಿಂದ ಭಾಗಿಸಿದರೆ 18, ಚಿಪ್‌ನ ಮಿತಿಯೊಳಗೇ ಇದೆ. ಬ್ರೆಡ್‌ಬೋರ್ಡ್ ಮೇಲೆ ಉದ್ದ ತಂತಿಯಲ್ಲಿ 18 ಓಡಿಸೋಕೆ ಹೋಗಬೇಡಿ, ಅಲ್ಲಿ 4.5 ಸಾಕು. ಚಿಪ್‌ನ ಪವರ್ ಕಾಲಿಗೆ ಅಂಟಿಕೊಂಡ ಹಾಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಹೋಲ್ಡ್ ಪಿನ್ ಅನ್ನು 3.3 ವೋಲ್ಟ್‌ಗೆ ಕಟ್ಟಿ, ಗಾಳಿಯಲ್ಲಿ ಬಿಡಬೇಡಿ. ಚಿಪ್ ಸೆಲೆಕ್ಟ್‌ಗೆ 10 ಕಿಲೋ ಓಮ್ ಪುಲ್‌ಅಪ್ (3.3 ವೋಲ್ಟ್‌ಗೆ ಎಳೆದು ಹಿಡಿಯುವ ರೆಸಿಸ್ಟರ್), ಪ್ರೊಸೆಸರ್ ರೀಸೆಟ್‌ನಲ್ಲಿ ಇರುವಾಗ ಚಿಪ್ ತಾನಾಗಿ ಎಚ್ಚರ ಆಗದಿರಲಿ.

ಶುರುವಿನಲ್ಲೇ ಮೋಡ್ ರಿಜಿಸ್ಟರ್‌ಗೆ ಬರೆದುಬಿಡಿ. ಕಮಾಂಡ್ ಹೆಕ್ಸ್ 01, ಬೆಲೆ ಹೆಕ್ಸ್ 40. ಅದು ಸೀಕ್ವೆನ್ಷಿಯಲ್ ಮೋಡ್. ಈ ಚಿಪ್ ಪವರ್ ಬಂದಾಗ ಅದೇ ಮೋಡ್‌ನಲ್ಲಿ ಏಳುತ್ತೆ, ಆದರೂ ಬರೆಯಿರಿ, ಅಂಗಡಿಯ ಕತೆ ನೆನಪಿರಲಿ. ಬರೆಯೋಕೆ ಹೆಕ್ಸ್ 02, ಓದೋಕೆ ಹೆಕ್ಸ್ 03, ಎರಡಕ್ಕೂ ಹಿಂದೆ ಮೂರು ಬೈಟ್ ವಿಳಾಸ. ಒಂದು ಪ್ಯಾಕೆಟ್‌ಗೆ ಒಟ್ಟು 68 ಬೈಟ್, 18 ಮೆಗಾಹರ್ಟ್ಸ್‌ನಲ್ಲಿ ಸುಮಾರು 30 ಮೈಕ್ರೋಸೆಕೆಂಡ್. ನಮಗೆ ಒಂದು ಪ್ಯಾಕೆಟ್ ತಯಾರಾಗೋದೇ 50 ಮಿಲಿಸೆಕೆಂಡಿಗೆ ಒಂದು. ಬೇಕಾದಷ್ಟು ಬಿಡುವಿದೆ.

ಯಜಮಾನ ಒಬ್ಬನೇ ಇರಲಿ

ಚಿಪ್ ಅನ್ನು ಎರಡೂ ಪ್ರೊಸೆಸರ್‌ಗೆ ಜೋಡಿಸಿಬಿಟ್ಟರೆ, ಒಂದು ಬರೆಯುತ್ತೆ, ಇನ್ನೊಂದು ಓದುತ್ತೆ, ಎಷ್ಟು ಸುಲಭ ಅಲ್ವಾ ಅನಿಸುತ್ತೆ. ನನಗೂ ಅನಿಸಿತ್ತು. ಈ ಚಿಪ್‌ಗೆ ಬಾಗಿಲು ಒಂದೇ. ಇಬ್ಬರೂ ಕ್ಲಾಕ್ ತಂತಿ ಹಿಡಿದು ಎಳೆದರೆ ಡೇಟಾ ಹೋಗುತ್ತೆ. ಸರದಿ ಮಾಡೋಕೆ ಇನ್ನೆರಡು ತಂತಿ ಹಾಕಬೇಕು. ಸರದಿ ಹಿಡಿದವನು ನಡುವೆ ರೀಸೆಟ್ ಆದರೆ ಇನ್ನೊಬ್ಬ ಕಾಯುತ್ತಾ ಕೂರಬೇಕು.

ಎಸ್‌ಟಿಎಂ32 ಒಂದೇ ಯಜಮಾನ. ಬರೆಯೋದೂ ಅದೇ, ಓದೋದೂ ಅದೇ. ಓದಿದ್ದನ್ನು ಯುಎಆರ್‌ಟಿ (ಸೀರಿಯಲ್ ತಂತಿ) ಮೇಲೆ ಇಎಸ್‌ಪಿ32ಗೆ ಕೊಡುತ್ತೆ. ಇಎಸ್‌ಪಿ32 ಒಳಗೇ 520 ಕಿಲೋಬೈಟ್ ರ‍್ಯಾಮ್ ಇದೆಯಲ್ಲ, ಅಲ್ಲೇ ಕೂಡಿಡಬಹುದಲ್ಲ? ವೈಫೈ ಅದರಲ್ಲಿ ದೊಡ್ಡ ಪಾಲು ನುಂಗುತ್ತೆ. ಮೇಲಾಗಿ ಇಬ್ಬರಲ್ಲಿ ಪದೇ ಪದೇ ಬೀಳೋದು ಇಎಸ್‌ಪಿ32ನೇ. ವೈಫೈ ಶುರುವಾಗುವ ಹೊತ್ತಿಗೆ ಕರೆಂಟ್ ಎಳೆದು, ವೋಲ್ಟೇಜ್ ಕುಸಿದು, ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತೆ. ಬೀಳೋ ಅಭ್ಯಾಸ ಇರುವವನ ಕೈಗೆ ದುಡ್ಡಿನ ಗಂಟು ಕೊಡೋದು ಬೇಡ.

ಎಸ್‌ಟಿಎಂ32 ಒಳಗೂ ಇದೇ ನಿಯಮ. ಅಳತೆ ತೆಗೆಯುವ ಇಂಟರಪ್ಟ್ (ಸಮಯಕ್ಕೆ ಸರಿಯಾಗಿ ನಡುವೆ ನುಗ್ಗಿ ಓಡುವ ತುಂಡು ಪ್ರೋಗ್ರಾಂ) ಎಸ್‌ಪಿಐ ಮುಟ್ಟಬಾರದು. ಅದು ಒಳಗಿನ ರ‍್ಯಾಮ್‌ನಲ್ಲಿ ಎರಡು ಸಣ್ಣ ತಟ್ಟೆಗಳಲ್ಲಿ ಒಂದನ್ನು ತುಂಬಿಸಿ ಇಡಲಿ. ಮುಖ್ಯ ಲೂಪ್ ಬಂದು ತುಂಬಿದ ತಟ್ಟೆಯನ್ನು ಎತ್ತಿ ಚಿಪ್‌ಗೆ ಹಾಕಲಿ. ಮುಟ್ಟೋದು ಒಬ್ಬರೇ ಆದ್ದರಿಂದ ಬೀಗ ಬೇಕಾಗಲ್ಲ.

ಕೊನೇ ಬೈಟ್ ನುಂಗಿದ ಕತೆ

ಸರಿಯಾದ ಚಿಪ್ ಬಂದ ಮೇಲೂ ನಾನು ಎರಡು ದಿನ ಕಳೆದೆ. ಡೀಬಗ್ ಬಿಲ್ಡ್‌ನಲ್ಲಿ, ಅಂದರೆ ತಪ್ಪು ಹುಡುಕೋಕೆ ಮಾಡಿದ ನಿಧಾನದ ಪ್ರೋಗ್ರಾಂನಲ್ಲಿ, ಎಲ್ಲ ಸರಿ. ವೇಗದ ರಿಲೀಸ್ ಬಿಲ್ಡ್ ಹಾಕಿದರೆ ಪ್ರತಿ ಪ್ಯಾಕೆಟ್‌ನ ಸಿಆರ್‌ಸಿ ತಪ್ಪು. ಒಳಗಿನ ಅಳತೆ ನೋಡಿದರೆ ಚೊಕ್ಕವಾಗಿವೆ. ತಪ್ಪಿರೋದು ಕೊನೇ ಬೈಟ್ ಒಂದೇ. ಅದೂ ಸುಮ್ನೆ ಏನೋ ಅಲ್ಲ, ಅದೇ ಮನೆಯಲ್ಲಿ ಹಿಂದಿನ ಸುತ್ತಿನಲ್ಲಿ ಇದ್ದ ಪ್ಯಾಕೆಟ್‌ನ ಕೊನೇ ಬೈಟ್.

ವೇಗ ಜಾಸ್ತಿ ಆಯಿತೇನೋ ಅಂತ ಕ್ಲಾಕ್ ಇಳಿಸಿ 2.25 ಮೆಗಾಹರ್ಟ್ಸ್ ಮಾಡಿದೆ. ಈಗ ಡೀಬಗ್ ಬಿಲ್ಡ್ ಕೂಡ ಕೆಟ್ಟಿತು! ನಿಧಾನ ಮಾಡಿದರೆ ರೋಗ ಹೆಚ್ಚುತ್ತೆ ಅಂದರೆ ತಂತಿಯ ದೋಷ ಅಲ್ಲ. ತಂತಿಗಳ ಮೇಲೆ ಏನು ಹೋಗುತ್ತಿದೆ ಅಂತ ತೋರಿಸುವ ಲಾಜಿಕ್ ಅನಲೈಸರ್ ಹಾಕಿದೆ. ನನ್ನ ಹತ್ತಿರ ಇರೋದು 24 ಮೆಗಾಹರ್ಟ್ಸ್‌ನ ಎಂಟು ಚಾನೆಲ್‌ದು, 18 ಮೆಗಾಹರ್ಟ್ಸ್ ಕ್ಲಾಕ್ ಅದರ ಕಣ್ಣಿಗೆ ಸಿಗಲ್ಲ. 2.25 ಚೆನ್ನಾಗಿ ಕಾಣುತ್ತೆ. ನೋಡಿದರೆ 68ನೇ ಬೈಟ್ ಇನ್ನೂ ಅರ್ಧ ಹೋಗುತ್ತಿರುವಾಗಲೇ ಚಿಪ್ ಸೆಲೆಕ್ಟ್ ಮೇಲೆ ಏರಿಬಿಟ್ಟಿದೆ. ಮಾತು ಮುಗಿಸುವ ಮುಂಚೆ ಫೋನ್ ಇಟ್ಟ ಹಾಗೆ.

ಎಸ್‌ಟಿಎಂ32ನ ಟಿಎಕ್ಸ್‌ಇ ಬಾವುಟ ಎದ್ದರೆ ಅರ್ಥ ಇಷ್ಟೇ: ಮುಂದಿನ ಬೈಟ್ ಇಡೋಕೆ ಜಾಗ ಆಯಿತು. ಹಿಂದಿನದು ಹೋಗಿ ಮುಟ್ಟಿತು ಅಂತ ಅಲ್ಲ. ಅದು ಇನ್ನೂ ತಂತಿಯ ಮೇಲಿದೆ. 18 ಮೆಗಾಹರ್ಟ್ಸ್‌ನಲ್ಲಿ ಒಂದು ಬೈಟ್ ಹೋಗೋಕೆ ಪ್ರೊಸೆಸರ್‌ನ 32 ಸೈಕಲ್ ಬೇಕು. ಡೀಬಗ್ ಬಿಲ್ಡ್‌ನಲ್ಲಿ ಪಿನ್ ಮೇಲೆತ್ತುವ ಫಂಕ್ಷನ್ ಅಷ್ಟು ಹೊತ್ತು ಆಕಳಿಸುತ್ತಿತ್ತು, ಬೈಟ್ ಹೋಗಿ ಸೇರುತ್ತಿತ್ತು. ರಿಲೀಸ್ ಬಿಲ್ಡ್ ಚುರುಕು, ಕಾಯಲಿಲ್ಲ. ಔಷಧಿ ಒಂದೇ ಸಾಲು: ಚಿಪ್ ಸೆಲೆಕ್ಟ್ ಮೇಲೆತ್ತುವ ಮುಂಚೆ "ಇನ್ನೂ ಕಳಿಸುತ್ತಿದ್ದೇನೆ" ಅನ್ನುವ ಬಿಎಸ್‌ವೈ ಬಾವುಟ ಇಳಿಯುವ ತನಕ ಕಾಯಿರಿ.

ಡಿಎಂಎ (ಪ್ರೊಸೆಸರ್ ಕೈ ಹಾಕದೆ ಡೇಟಾ ಸಾಗಿಸುವ ಏರ್ಪಾಡು) ಬಳಸುವವರು ಇನ್ನೂ ಒಂದು ನೋಡಿಕೊಳ್ಳಿ. ಬರೆದಾಯಿತು ಅಂತ ಲೆಕ್ಕ ಮುಂದೆ ಹಾಕೋದು ಬರೆದು ಮುಗಿದ ಮೇಲೆ. ಡಿಎಂಎ ಶುರು ಮಾಡಿದ ತಕ್ಷಣ ಅಲ್ಲ.

ಮೂರು ಎಣಿಕೆ

ಇಡೀ ಸರದಿಯನ್ನು ಮೂರು ಎಣಿಕೆಗಳು ನಡೆಸುತ್ತವೆ. ಬರೆದದ್ದು ಎಲ್ಲಿಗೆ ಬಂತು, ಕಳಿಸಿದ್ದು ಎಲ್ಲಿಗೆ ಬಂತು, ಮುಟ್ಟಿತು ಅಂತ ಉತ್ತರ ಬಂದದ್ದು ಎಲ್ಲಿಗೆ. ಮೂರೂ 16 ಬಿಟ್, ಸುಮ್ನೆ ಏರುತ್ತಾ ಹೋಗುತ್ತವೆ, 65,535 ಆದ ಮೇಲೆ ಸೊನ್ನೆಗೆ ಬರುತ್ತವೆ. ಬರೆಯುವ ಎಣಿಕೆಯೇ ಪ್ಯಾಕೆಟ್‌ನ ಕ್ರಮಸಂಖ್ಯೆ. ಅದರ ಕೆಳಗಿನ 11 ಬಿಟ್ ಮನೆ ಸಂಖ್ಯೆ. ಬೇರೆ ಲೆಕ್ಕ ಇಡೋದೇ ಬೇಡ.

ಹೋಲಿಸುವಾಗ ಯಾವುದು ದೊಡ್ಡದು ಅಂತ ನೇರವಾಗಿ ಕೇಳಬೇಡಿ, ಕಳೆದು ನೋಡಿ. ಸೆಕೆಂಡಿಗೆ 20ರಂತೆ ಸುಮಾರು 55 ನಿಮಿಷಕ್ಕೊಮ್ಮೆ ಎಣಿಕೆ ಸೊನ್ನೆ ದಾಟುತ್ತೆ. ಗಂಟೆಗೊಂದು ಸಲ ಏನೋ ಕೆಡುತ್ತೆ, ಯಾಕೆ ಅಂತ ಗೊತ್ತಿಲ್ಲ ಅಂತ ಯಾರಾದರೂ ಅಂದರೆ ನಾನು ಮೊದಲು ನೋಡೋದು ಇದನ್ನೇ.

ಕಳಿಸಿದ ಮಾತ್ರಕ್ಕೆ ಮನೆ ಖಾಲಿ ಮಾಡಬಾರದು. ಇಎಸ್‌ಪಿ32 ಕೈಗೆ ಸಿಕ್ಕ ಪ್ಯಾಕೆಟ್ ಸರ್ವರ್‌ಗೆ ಸಿಕ್ಕಿದ ಹಾಗಲ್ಲ. ಸರ್ವರ್‌ಗೆ ಸಂದೇಶ ಕಳಿಸುವ ಎಂಕ್ಯೂಟಿಟಿ ಒಪ್ಪಂದದಲ್ಲಿ ನಾವು ಕ್ಯೂಒಎಸ್ 1, ಅಂದರೆ ಪ್ರತಿಯೊಂದಕ್ಕೂ ಸ್ವೀಕೃತಿ ಕೇಳುವ ಮಟ್ಟ, ಇಟ್ಟಿದ್ದೇವೆ. ಸರ್ವರ್ ಕಡೆಯಿಂದ ಸ್ವೀಕೃತಿ ಬಂದ ಮೇಲೆ ಇಎಸ್‌ಪಿ32 ನನಗೆ 7 ಬೈಟಿನ ಒಂದು ಚೀಟಿ ಕಳಿಸುತ್ತೆ. ಆಗ ಮೂರನೇ ಎಣಿಕೆ ಮುಂದೆ ಹೋಗುತ್ತೆ. ಎರಡು ಸೆಕೆಂಡ್ ಚೀಟಿ ಬರಲಿಲ್ಲವೋ, ಎರಡನೇ ಎಣಿಕೆಯನ್ನು ಮೂರನೇದರ ಜಾಗಕ್ಕೆ ವಾಪಸ್ ಎಳೆದು ಮತ್ತೆ ಅಲ್ಲಿಂದ ಕಳಿಸಬೇಕು. ಕೆಲವು ಪ್ಯಾಕೆಟ್ ಎರಡು ಸಲ ಹೋಗುತ್ತವೆ. ಹೋಗಲಿ ಬಿಡಿ, ಸರ್ವರ್ ಕ್ರಮಸಂಖ್ಯೆ ಮತ್ತು ಸಮಯ ನೋಡಿ ಎರಡನೇದನ್ನು ಎಸೆಯುತ್ತೆ.

ಸಾಕು ಅನ್ನೋದು ಎರಡು ಕಡೆ

ಯುಎಆರ್‌ಟಿ 1,15,200 ಬಾಡ್‌ನಲ್ಲಿ ಸೆಕೆಂಡಿಗೆ 11,520 ಬೈಟ್ ಹೋಗುತ್ತೆ, ಅಂದರೆ 180 ಪ್ಯಾಕೆಟ್. ಇಎಸ್‌ಪಿ32ನ ಯುಎಆರ್‌ಟಿ ಬಾಯಿ 128 ಬೈಟ್. 11 ಮಿಲಿಸೆಕೆಂಡ್ ಅದು ಬೇರೆ ಕಡೆ ನೋಡಿದರೆ ಬಾಯಿ ತುಂಬಿ ಚೆಲ್ಲುತ್ತೆ. ಅದಕ್ಕೇ "ಕಳಿಸು", "ನಿಲ್ಲು" ಅಂತ ಹೇಳುವ ಆರ್‌ಟಿಎಸ್, ಸಿಟಿಎಸ್ ತಂತಿಗಳು. ಎಸ್‌ಟಿಎಂ32ನ ಯುಎಸ್‌ಎಆರ್‌ಟಿ2 ತಗೊಳ್ಳಿ: ಪಿಎ0 ಸಿಟಿಎಸ್, ಪಿಎ1 ಆರ್‌ಟಿಎಸ್, ಪಿಎ2 ಮತ್ತು ಪಿಎ3 ಡೇಟಾ. ಒಬ್ಬರ ಆರ್‌ಟಿಎಸ್ ಇನ್ನೊಬ್ಬರ ಸಿಟಿಎಸ್‌ಗೆ. ಇಎಸ್‌ಪಿ32 ಕಡೆ ಯುಎಆರ್‌ಟಿ2 ಬಳಸಿ, ಏಕೆಂದರೆ ಸೊನ್ನೆ ನಂಬರಿನದು ಬೂಟ್ ಆಗುವಾಗ ತನ್ನ ಪುರಾಣ ಎಲ್ಲ ಹೇಳುತ್ತೆ. ಇಎಸ್‌ಪಿ32ನ ರೋವರ್ ಮಾಡ್ಯೂಲ್ ಆದರೆ 16, 17ನೇ ಪಿನ್ ಬಿಟ್ಟು ಬೇರೆ ಹುಡುಕಿ, ಅಲ್ಲಿ ಅದರ ಹೆಚ್ಚುವರಿ ರ‍್ಯಾಮ್ ಕೂತಿರುತ್ತೆ.

ಈಗ ಒಂದು ರೆಸಿಸ್ಟರ್ ಬಗ್ಗೆ. ಈ ತಂತಿಗಳಲ್ಲಿ ಕೆಳಗೆ ಇದ್ದರೆ "ಕಳಿಸು", ಮೇಲೆ ಇದ್ದರೆ "ನಿಲ್ಲು". ಇಎಸ್‌ಪಿ32 ರೀಸೆಟ್ ಆದ ಕ್ಷಣ ಆ ಪಿನ್ ಯಾರ ಮಾತನ್ನೂ ಹೇಳುತ್ತಿರಲ್ಲ, ತೇಲುತ್ತಿರುತ್ತೆ. ಎಸ್‌ಟಿಎಂ32 ಅದನ್ನು "ಕಳಿಸು" ಅಂತ ಓದಿದರೆ ಸತ್ತವನ ಬಾಯಿಗೆ ಪ್ಯಾಕೆಟ್ ಸುರಿಯುತ್ತೆ. ಪಿಎ0ಗೆ 10 ಕಿಲೋ ಓಮ್ ಪುಲ್‌ಅಪ್ ಹಾಕಿ. ಉತ್ತರ ಹೇಳುವವರಿಲ್ಲದಾಗ ಉತ್ತರ "ನಿಲ್ಲು" ಅಂತಲೇ ಇರಲಿ.

ಇಷ್ಟು ಬೈಟ್‌ಗಳನ್ನು ಕಾಪಾಡುತ್ತೆ. ಪ್ಯಾಕೆಟ್‌ಗಳನ್ನು ಕಾಪಾಡೋಕೆ ಮೇಲೆ ಇನ್ನೊಂದು ಒಪ್ಪಂದ ಬೇಕು. ನಾನು ಅಂಗಡಿ ಖಾತೆ ಥರ ಮಾಡಿದ್ದೇನೆ. ಇಎಸ್‌ಪಿ32 ತನ್ನ ಚೀಟಿಯಲ್ಲಿ ಒಂದು ಬೈಟ್ ಇಟ್ಟು "ಇನ್ನು ಇಷ್ಟು ಕೊಡಬಹುದು" ಅನ್ನುತ್ತೆ. ಜಾಸ್ತಿ ಅಂದರೆ 8. ಎಂಟು ಕೊಟ್ಟ ಮೇಲೆ ಚೀಟಿ ಬರದೆ ಒಂಬತ್ತನೇದು ಕೊಡೋ ಹಾಗಿಲ್ಲ. ವೈಫೈ ಇಲ್ಲದಾಗ ಅದು ಸೊನ್ನೆ ಅನ್ನುತ್ತೆ. ಆಗ ಎಸ್‌ಟಿಎಂ32ಗೆ ಒದ್ದಾಟವಿಲ್ಲ, ಸುಮ್ನೆ ಕೂಡಿಡುತ್ತೆ. ಇಎಸ್‌ಪಿ32 ಕಡೆ ಓದುವ ಬಫರ್ 2048 ಬೈಟ್ ಇಟ್ಟಿದ್ದೇನೆ, ಎಂಟು ಪ್ಯಾಕೆಟ್ ಅಂದರೆ 512 ಬೈಟ್, ಆರಾಮ.

ಇದನ್ನೆಲ್ಲ ನಾನು ಕಂಡುಹಿಡಿದದ್ದಲ್ಲ. ಮೊಬೈಲ್ ಬೇಸ್ ಸ್ಟೇಷನ್‌ಗಳಲ್ಲಿ ಡಿಎಸ್‌ಪಿಗಳ (ಸಿಗ್ನಲ್ ಲೆಕ್ಕ ಮಾಡುವ ಪ್ರೊಸೆಸರ್‌ಗಳ) ನಡುವೆ ರ‍್ಯಾಪಿಡ್‌ಐಒ ಅನ್ನೋ ಸೀರಿಯಲ್ ದಾರಿ ಇರುತ್ತೆ. ಅದಕ್ಕೆಂದೇ ಐಡಿಟಿ ಕಂಪನಿ ಸೀರಿಯಲ್ ಬಫರ್ ಚಿಪ್ ಮಾಡಿತ್ತು. ಆ ಕಂಪನಿಯನ್ನು 2019ರಲ್ಲಿ ರೆನೆಸಾಸ್ ಕೊಂಡುಕೊಂಡಿತು. ರ‍್ಯಾಪಿಡ್‌ಐಒದಲ್ಲೂ ಪಡೆಯುವವನು ನನ್ನ ಹತ್ತಿರ ಇಷ್ಟು ಜಾಗ ಇದೆ ಅಂತ ಹೇಳುತ್ತಾನೆ, ಕಳಿಸುವವನು ಅದನ್ನು ನೋಡಿ ಕಳಿಸುತ್ತಾನೆ. ಇನ್ನೊಬ್ಬನ ಗಮನ ಸೆಳೆಯೋಕೆ ಕಳಿಸುವ ಪುಟ್ಟ ಸಂದೇಶಕ್ಕೆ ಅಲ್ಲಿ ಡೋರ್‌ಬೆಲ್ ಅಂತಲೇ ಹೆಸರು. ನಮ್ಮದು ಅದರ ಬಡ ನೆಂಟ.

ತುಂಬುತ್ತಾ ಬಂದಾಗ

ನಡುಕ ಅಳೆಯುವ ಸೆನ್ಸರ್‌ಗೆ "ಸ್ವಲ್ಪ ನಿಲ್ಲಪ್ಪಾ" ಅನ್ನೋಕಾಗಲ್ಲ. ಕಂಪ್ರೆಸರ್ ನಡುಗುತ್ತಲೇ ಇರುತ್ತೆ. ಹಾಗಾಗಿ ಸಂಪ್ ತುಂಬುತ್ತಾ ಬಂದಾಗ ಏನು ಬಿಡೋದು ಅಂತ ಕೂತು ತೀರ್ಮಾನ ಮಾಡಲೇಬೇಕು. ಈ ತೀರ್ಮಾನ ಮಾಡದೆ ಇರುವ ಬೋರ್ಡ್‌ಗಳೂ ಏನನ್ನೋ ಬಿಡುತ್ತವೆ, ಏನನ್ನು ಅಂತ ಯಾರಿಗೂ ಗೊತ್ತಿರಲ್ಲ, ಅಷ್ಟೇ.

ನಾನು ಮಾಡಿದ್ದು ಹೀಗೆ. ಮುಕ್ಕಾಲು ತುಂಬಿದಾಗ, ಅಂದರೆ 1536 ಮನೆ ಆದಾಗ, ಪೂರ್ತಿ ಅಳತೆ ಬಿಟ್ಟು ಸಾರಾಂಶಕ್ಕೆ ಇಳಿಯೋದು. ಸೆಕೆಂಡಿಗೆ 20ರ ಬದಲು ಒಂದೇ ಪ್ಯಾಕೆಟ್: ಆ ಸೆಕೆಂಡಿನ ಆರ್‌ಎಂಎಸ್ (ನಡುಕದ ಒಂದು ಬಗೆಯ ಸರಾಸರಿ), ಗರಿಷ್ಠ, ಕನಿಷ್ಠ. ಪೂರ್ತಿ ವೇಗದಲ್ಲಿ 1536 ತಲುಪೋಕೆ 76.8 ಸೆಕೆಂಡ್ ಬೇಕು. ನಮ್ಮ 70 ಸೆಕೆಂಡಿನ ತೊಂದರೆ ಅದರೊಳಗೇ ಮುಗಿಯುತ್ತೆ. ಮುಗಿಯದಿದ್ದರೆ ಉಳಿದ 512 ಮನೆಗಳಲ್ಲಿ ಇನ್ನೂ 512 ಸೆಕೆಂಡ್ ಎಳೆಯಬಹುದು. ಒಟ್ಟು ಹತ್ತು ನಿಮಿಷಕ್ಕೆ ಸ್ವಲ್ಪ ಕಡಿಮೆ.

ಮತ್ತೆ ಪೂರ್ತಿ ಅಳತೆಗೆ ಮರಳೋದು 512ಕ್ಕೆ ಇಳಿದ ಮೇಲೆ. 1535ಕ್ಕೆ ಅಲ್ಲ. ಎರಡಕ್ಕೂ ಒಂದೇ ಗೆರೆ ಇಟ್ಟರೆ ಒಂದು ಪ್ಯಾಕೆಟ್ ಹೋದಾಗ ಪೂರ್ತಿ, ಒಂದು ಬಂದಾಗ ಸಾರಾಂಶ, ಗ್ರಾಫ್ ಕುಂಟುತ್ತೆ. ಓವರ್‌ಹೆಡ್ ಟ್ಯಾಂಕಿನ ಫ್ಲೋಟ್ ಸ್ವಿಚ್ ನೋಡಿ, ಅದಕ್ಕೂ ಮೇಲೆ ಒಂದು ಗೆರೆ, ಕೆಳಗೆ ಒಂದು ಗೆರೆ. ಇಲ್ಲದಿದ್ದರೆ ಮೋಟರ್ ನಿಮಿಷಕ್ಕೆ ಹತ್ತು ಸಲ ಆನ್ ಆಫ್ ಆಗಿ ಸುಟ್ಟುಹೋಗುತ್ತೆ. ಮಟ್ಟ ಅಳೆಯುವಾಗ ಬರೆದದ್ದರಿಂದ ಚೀಟಿ ಬಂದದ್ದನ್ನು ಕಳೆಯಿರಿ, ಕಳಿಸಿದ್ದನ್ನಲ್ಲ.

ಪೂರ್ತಿ ತುಂಬಿದರೆ? ಹಳೆಯದನ್ನು ಬಿಡುತ್ತೇನೆ, ಹೊಸದನ್ನು ಇಡುತ್ತೇನೆ. ಬೇರಿಂಗ್ ಈಗ ಹೇಗಿದೆ ಅನ್ನೋದು ಹತ್ತು ನಿಮಿಷದ ಹಿಂದಿನದಕ್ಕಿಂತ ಮುಖ್ಯ. ವಿದ್ಯುತ್ ಮೀಟರ್ ಆಗಿದ್ದರೆ ಬಹುಶಃ ಬೇರೆ ತೀರ್ಮಾನ ಮಾಡುತ್ತಿದ್ದೆ. ಬಿಟ್ಟಾಗ ಎಣಿಕೆ ಏರಿಸಿ, ಆ ಎಣಿಕೆ ಮುಂದಿನ ಪ್ರತಿ ಪ್ಯಾಕೆಟ್‌ನಲ್ಲೂ ಹೋಗಲಿ. ಪ್ಯಾಕೆಟ್‌ನಲ್ಲಿ ಆ ಎರಡು ಬೈಟ್ ಇಟ್ಟದ್ದು ಇದಕ್ಕೇ.

ಅಲಾರಂ ಪ್ಯಾಕೆಟ್‌ಗಳು ಈ ಸಾಲಿನಲ್ಲಿ ನಿಲ್ಲಬಾರದು. ಅವು ಅಪರೂಪ, ಆದರೆ ತುರ್ತು. 1400 ಪ್ಯಾಕೆಟ್ ಹಿಂದೆ ನಿಂತು "ಬೇರಿಂಗ್ ಹೋಯಿತು" ಅಂತ ಹೇಳಿದರೆ ಏನು ಬಂತು? ಎಸ್‌ಟಿಎಂ32 ಒಳಗೇ 32 ಮನೆಯ ಬೇರೆ ಸಾಲು, ಎರಡು ಕಿಲೋಬೈಟ್, ಅದಕ್ಕೆ ಅದರದೇ ಕ್ರಮಸಂಖ್ಯೆ. ಕಳಿಸುವ ಮುಂಚೆ ಪ್ರತಿ ಸಲ ಮೊದಲು ಅದನ್ನು ನೋಡೋದು.

ಬೋರ್ಡಿನ ಬ್ಯಾಟರಿಯೇ ಖಾಲಿಯಾದರೆ ರ‍್ಯಾಮ್ ಖಾಲಿ. ಅದು ಬೇಡ ಅನ್ನುವವರು 23ಎಲ್‌ಸಿವಿ1024 ಹಾಕಿ, ಅದಕ್ಕೆ ನಾಣ್ಯದ ಸೆಲ್ ಕಟ್ಟಬಹುದು. ಆದರೆ ಡೇಟಾ ಉಳಿದು ಎಣಿಕೆಗಳು ಹೋದರೆ ಯಾವುದು ಎಲ್ಲಿಂದ ಅಂತ ಗೊತ್ತಾಗಲ್ಲ. ಎಸ್‌ಟಿಎಂ32ಎಫ್103ಸಿ8ನಲ್ಲಿ 16 ಬಿಟ್‌ನ ಹತ್ತು ಬ್ಯಾಕಪ್ ರಿಜಿಸ್ಟರ್ ಇವೆ. ಅದೇ ಸೆಲ್ಲಿಗೆ ಅದನ್ನೂ ಕಟ್ಟಿ, ಎರಡು ಎಣಿಕೆಗಳನ್ನು ಅಲ್ಲಿ ಇಡಿ. ಕಳಿಸಿದ ಎಣಿಕೆ ಬೇಕಿಲ್ಲ, ಎದ್ದ ಮೇಲೆ ಅದನ್ನು ಚೀಟಿಯ ಎಣಿಕೆಗೆ ಸಮ ಮಾಡಿದರಾಯಿತು.

ಪರೀಕ್ಷೆ

ಮೊದಲು ರೂಟರ್ ಪ್ಲಗ್ ಕಿತ್ತು 70 ಸೆಕೆಂಡ್ ಬಿಡಿ. ಮಟ್ಟ 1400ಕ್ಕೆ ಏರಬೇಕು. ವಾಪಸ್ ಹಾಕಿದ ಮೇಲೆ ಇಳಿಯೋಕೆ ಎಷ್ಟು ಹೊತ್ತು ಅಂತ ಗಡಿಯಾರ ಹಿಡಿದು ನೋಡಿ. ತಂತಿ ಮೇಲೆ 180 ಹೋಗಬಹುದು, ಆದರೆ ಸರ್ವರ್ ಚೀಟಿ ಕಾಯುತ್ತಾ ನಮ್ಮಲ್ಲಿ ಸೆಕೆಂಡಿಗೆ 60 ಹೋಗುತ್ತೆ. ಹೊಸದು 20 ಬರುತ್ತಲೇ ಇರುತ್ತೆ, ಅಂದರೆ ನಿವ್ವಳ 40. 35 ಸೆಕೆಂಡಿನಲ್ಲಿ ಖಾಲಿ. ಈ ನಿವ್ವಳ ಸೊನ್ನೆಯ ಹತ್ತಿರ ಇದ್ದರೆ ಎಷ್ಟೇ ದೊಡ್ಡ ಚಿಪ್ ಹಾಕಿದರೂ ನಡೆಯಲ್ಲ.

ಆಮೇಲೆ ಸಾರಾಂಶದ ಭಾಗ ಆಫ್ ಮಾಡಿ, ರೂಟರ್ ಮೂರು ನಿಮಿಷ ಕಿತ್ತಿಡಿ. 3600 ಪ್ಯಾಕೆಟ್ ಹುಟ್ಟುತ್ತವೆ, 2048ಕ್ಕೆ ಜಾಗ. ಕೈಬಿಟ್ಟ ಎಣಿಕೆ 1552ರ ಆಸುಪಾಸು ಇರಬೇಕು. ಸರ್ವರ್‌ನಲ್ಲಿ ಕಾಣೆಯಾದ ಕ್ರಮಸಂಖ್ಯೆಗಳನ್ನು ಎಣಿಸಿ, ಎರಡೂ ಒಂದೇ ಸಂಖ್ಯೆ ಆಗಬೇಕು. ಒಂದೇ ಒಂದು ಹೆಚ್ಚು ಕಡಿಮೆ ಆದರೂ ಬಿಡಬೇಡಿ. ಸಿಆರ್‌ಸಿಯನ್ನು ಚಿಪ್‌ನಿಂದ ಓದಿದ ಕೂಡಲೇ ಒಂದು ಸಲ, ಇಎಸ್‌ಪಿ32ನಲ್ಲಿ ಇನ್ನೊಂದು ಸಲ ನೋಡಿ. ಮೊದಲನೇದು ತಪ್ಪಿದರೆ ಎಸ್‌ಪಿಐ ಕಡೆ ಹುಡುಕಿ, ಎರಡನೇದು ಮಾತ್ರ ತಪ್ಪಿದರೆ ಯುಎಆರ್‌ಟಿ ಕಡೆ. ಕೊನೆಗೆ ಮಟ್ಟ ಏರುತ್ತಿರುವಾಗಲೇ ಇಎಸ್‌ಪಿ32ನ ರೀಸೆಟ್ ಬಟನ್ ನಾಲ್ಕೈದು ಸಲ ಒತ್ತಿ. ಕೈಬಿಟ್ಟ ಎಣಿಕೆ ಅಲುಗಾಡಬಾರದು.

ಇಷ್ಟೆಲ್ಲ ಮುಗಿಸಿ ಬೋರ್ಡ್ ವಾಪಸ್ ಹಾಕುವಾಗ ವರ್ಕ್‌ಶಾಪಿನ ಯಜಮಾನರು ಪಕ್ಕದಲ್ಲೇ ನಿಂತಿದ್ದರು. "ಅಲ್ಲಮ್ಮಾ, ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಇಟ್ಟಿದ್ರೆ ಆಗ್ತಿರಲಿಲ್ವಾ?" ಅಂದರು. ಅವತ್ತೇ ಅದನ್ನೂ ಇಡಿಸಿದೆವು. ಈಗ ಕರೆಂಟ್ ಹೋದರೆ ಮಟ್ಟ ಎಂಟು ಹತ್ತರ ಮೇಲೆ ಏರಲ್ಲ. ಆದರೆ ಹೋದ ತಿಂಗಳ ಲಾಗ್‌ನಲ್ಲಿ ಒಂದು ಮಧ್ಯಾಹ್ನ 1571 ಅಂತ ಇದೆ. ರಸ್ತೆ ಅಗೆಯುವವರು ಬ್ರಾಡ್‌ಬ್ಯಾಂಡ್ ಕೇಬಲ್ ಎಳೆದಿದ್ದರಂತೆ, ಸೇರಿಸೋಕೆ ಎರಡು ನಿಮಿಷದ ಹತ್ತಿರ ಆಗಿದೆ. ಕೈಬಿಟ್ಟ ಎಣಿಕೆ ಸೊನ್ನೆ, ಕೇಬಲ್ ಸೇರುವ ತನಕ 35 ಸೆಕೆಂಡ್ ಸಾರಾಂಶ.